ಜಪಾನಿ ಚಿತ್ರಗಳಲ್ಲಿ ನಿರ್ದೇಶಕ–ಸಂಯೋಜಕ ಜೋಡಿಯನ್ನು ಅಭ್ಯಾಸ ಮಾಡುವುದು ಹೇಗೆ

ಒಂದು ಚಿತ್ರದ ಸಂಗೀತ ಚೆನ್ನಾಗಿದೆ ಎಂದು ಹೇಳಿಬಿಡುವುದು ಸುಲಭ. ಆ ಸಂಗೀತ ಅದೇ ಕ್ಷಣದಲ್ಲಿ ಏಕೆ ಆರಂಭವಾಯಿತು, ಅದಕ್ಕಿಂತ ಮುಖ್ಯವೆನಿಸುವ ಇನ್ನೊಂದು ದೃಶ್ಯದಲ್ಲಿ ಏಕೆ ಬರಲೇ ಇಲ್ಲ, ಆ ತೀರ್ಮಾನದಲ್ಲಿ ನಿರ್ದೇಶಕರ ಪಾಲೆಷ್ಟು, ಸಂಯೋಜಕರ ಪಾಲೆಷ್ಟು ಎಂಬುದನ್ನು ಬಿಡಿಸಿ ಹೇಳಲು ಮಾತ್ರ ಅಭ್ಯಾಸ ಬೇಕು. ಈ ಅಭ್ಯಾಸಕ್ಕೆ ಜಪಾನಿನ ಚಿತ್ರರಂಗ ಹೇಳಿ ಮಾಡಿಸಿದಂತಿದೆ. ಒಬ್ಬ ನಿರ್ದೇಶಕರೂ ಒಬ್ಬ ಸಂಯೋಜಕರೂ ವರ್ಷಗಟ್ಟಲೆ ಒಟ್ಟಿಗೆ ದುಡಿದ ಉದಾಹರಣೆಗಳು ಅಲ್ಲಿ ಬಹಳ. ಅವರ ಹೊಂದಾಣಿಕೆಯಷ್ಟೇ ಜಗಳಗಳೂ ಆತ್ಮಕಥೆಗಳಲ್ಲಿ, ಸಂದರ್ಶನಗಳಲ್ಲಿ ದಾಖಲಾಗಿವೆ. ಚಲನಚಿತ್ರ ಸಮಾಜಗಳಲ್ಲಿ ಚಿತ್ರ ನೋಡುವವರು, ಚಿತ್ರಕಲೆಯಂತೆ ಚಿತ್ರಭಾಷೆಯನ್ನೂ ಓದಿನ ವಿಷಯವಾಗಿ ತೆಗೆದುಕೊಂಡ ವಿದ್ಯಾರ್ಥಿಗಳು, ತಾವೇ ಕಿರುಚಿತ್ರ ಮಾಡಹೊರಟವರು, ಈ ಮೂವರಿಗೂ ಉಪಯೋಗವಾಗಲಿ ಎಂದು ಈ ಕ್ರಮವನ್ನು ಬರೆಯುತ್ತಿದ್ದೇನೆ. ಸ್ವರಲಿಪಿ ಓದಲು ಬರಬೇಕಿಲ್ಲ. ಒಂದು ನೋಟ್‌ಬುಕ್, ತಕ್ಕಮಟ್ಟಿನ ಹೆಡ್‌ಫೋನ್, ಒಂದೇ ಚಿತ್ರವನ್ನು ಎರಡು ಮೂರು ಬಾರಿ ನೋಡುವ ತಾಳ್ಮೆ ಇದ್ದರೆ ಸಾಕು.

ಜೋಡಿಯನ್ನು ಆರಿಸಿಕೊಳ್ಳುವುದು

ಹತ್ತು ಸಂಯೋಜಕರ ಹತ್ತು ಚಿತ್ರಗಳನ್ನು ನೋಡುವುದಕ್ಕಿಂತ ಒಂದೇ ಜೋಡಿಯ ಮೂರು ನಾಲ್ಕು ಚಿತ್ರಗಳನ್ನು ಬಿಡುಗಡೆಯಾದ ಕ್ರಮದಲ್ಲಿ ನೋಡುವುದು ಹೆಚ್ಚು ಫಲ ಕೊಡುತ್ತದೆ. ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರು ನಿರ್ದೇಶಕ ಅಕಿರಾ ಕುರೊಸಾವಾ ಮತ್ತು ಸಂಯೋಜಕ ಫುಮಿಯೊ ಹಯಸಾಕಾ ಅವರಿಂದ ಶುರುಮಾಡಬಹುದು. 1948ರ ‘ಡ್ರಂಕನ್ ಏಂಜೆಲ್’, 1950ರ ‘ರಾಶೊಮನ್’, 1952ರ ‘ಇಕಿರು’, 1954ರ ‘ಸೆವೆನ್ ಸಮುರಾಯ್’, ಈ ನಾಲ್ಕರಲ್ಲಿ ಇಬ್ಬರ ನಡುವಿನ ಸಂಬಂಧ ಬೆಳೆದ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಹಯಸಾಕಾ 1955ರಲ್ಲಿ, ಕುರೊಸಾವಾ ಅವರ ಮುಂದಿನ ಚಿತ್ರದ ಕೆಲಸ ನಡೆಯುತ್ತಿದ್ದಾಗಲೇ, ಕ್ಷಯದಿಂದ ತೀರಿಕೊಂಡರು. ಆಗ ಅವರಿಗೆ 41 ವರ್ಷ. ಉಳಿದ ಸಂಗೀತವನ್ನು ಪೂರ್ಣಗೊಳಿಸಿದವರು ಅವರ ಶಿಷ್ಯ ಮಸಾರು ಸಾತೊ. ಮುಂದಿನ ಹತ್ತು ವರ್ಷ ಕುರೊಸಾವಾ ಅವರ ಚಿತ್ರಗಳಿಗೆ ಅವರೇ ಸಂಗೀತ ನೀಡಿದರು. ಹೀಗಾಗಿ ಇಲ್ಲಿ ಗುರುವಿನ ಕಾಲ, ಶಿಷ್ಯನ ಕಾಲ ಎಂಬ ಹೋಲಿಕೆಯೂ ತಾನಾಗಿ ದೊರೆಯುತ್ತದೆ.

ಮೊದಲ ನೋಟ ಕಥೆಗಾಗಿ, ಉಪಶೀರ್ಷಿಕೆಗಳೊಂದಿಗೆ ಇರಲಿ. ಎರಡನೆಯ ಸಲ ಉಪಶೀರ್ಷಿಕೆಗಳನ್ನು ತೆಗೆದುಬಿಡಿ. ಓದುವ ಕಣ್ಣು ಕಿವಿಯ ಗಮನವನ್ನು ಎಷ್ಟರಮಟ್ಟಿಗೆ ಕಸಿದುಕೊಂಡಿತ್ತು ಎಂಬುದು ಆಗಲೇ ತಿಳಿಯುತ್ತದೆ.

ಪಟ್ಟಿ ಮಾಡುವುದು

ಎರಡನೆಯ ನೋಟದಲ್ಲಿ ಸಂಗೀತ ಆರಂಭವಾದ ಪ್ರತಿಯೊಂದು ಸ್ಥಳವನ್ನೂ ಬರೆದುಕೊಳ್ಳಿ. ಗಂಟೆ–ನಿಮಿಷ, ಪರದೆಯ ಮೇಲೆ ಆಗ ಏನಿತ್ತು, ಯಾವ ವಾದ್ಯ ಮೊದಲು ಕೇಳಿಸಿತು, ಸಂಗೀತ ಕ್ರಮೇಣ ಕರಗಿತೋ ಥಟ್ಟನೆ ನಿಂತಿತೋ ಎಂಬ ನಾಲ್ಕು ಅಂಶಗಳು ಸಾಕು. ಆ ಸಂಗೀತ ಪಾತ್ರಗಳಿಗೂ ಕೇಳಿಸುತ್ತಿದೆಯೇ, ಅಂದರೆ ರೇಡಿಯೊ, ಧ್ವನಿವರ್ಧಕ, ಯಾರೋ ನುಡಿಸುತ್ತಿರುವ ಗಿಟಾರ್ ಇಂಥ ಯಾವುದಾದರೂ ಮೂಲದಿಂದ ಬರುತ್ತಿದೆಯೇ ಎಂಬುದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಗುರುತುಮಾಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಜಪಾನಿನ ಈ ತಲೆಮಾರಿನ ನಿರ್ದೇಶಕರು ತಮ್ಮ ಅತ್ಯಂತ ದಿಟ್ಟ ಪ್ರಯೋಗಗಳನ್ನು ಕಥೆಯೊಳಗಿನ ಇಂಥ ಸಂಗೀತದಲ್ಲಿಯೇ ಮಾಡಿದ್ದಾರೆ.

‘ಡ್ರಂಕನ್ ಏಂಜೆಲ್’ನಲ್ಲಿ ತೊಶಿರೊ ಮಿಫುನೆ ವಹಿಸಿರುವ ರೌಡಿಯ ಪಾತ್ರ ತನ್ನ ಅಧಿಕಾರವೆಲ್ಲ ಕೈಜಾರಿತೆಂದು ತಿಳಿದು ಕಾಳಸಂತೆಯ ಬೀದಿಯಲ್ಲಿ ನಡೆಯುವ ದೃಶ್ಯವನ್ನು ನೋಡಿ. ರೋಗ ಅವನನ್ನು ತಿನ್ನುತ್ತಿದೆ, ಬೀದಿ ಅವನನ್ನು ಕೈಬಿಟ್ಟಿದೆ. ಆದರೆ ಧ್ವನಿವರ್ಧಕದಿಂದ ಬರುವುದು ಕೋಗಿಲೆಯ ಕೂಗನ್ನು ಅನುಕರಿಸುವ ಹಗುರವಾದ ಒಂದು ವಾಲ್ಟ್ಸ್, ಅಂದರೆ ಮೂರೆಣಿಕೆಯ ಲಯದ ಯುರೋಪಿನ ನೃತ್ಯಸಂಗೀತ. ಕುರೊಸಾವಾ ತಮ್ಮ ತಂದೆ ತೀರಿಕೊಂಡ ದಿನ ಬೀದಿಯಲ್ಲಿ ಅಲೆಯುವಾಗ ಇದೇ ವಾಲ್ಟ್ಸ್ ಧ್ವನಿವರ್ಧಕದಿಂದ ಕೇಳಿ, ಆ ಲವಲವಿಕೆಯೇ ತಮ್ಮ ದುಃಖವನ್ನು ಇಮ್ಮಡಿಗೊಳಿಸಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಅನುಭವವನ್ನು ಹಯಸಾಕಾ ಅವರ ಮುಂದಿಟ್ಟಾಗ ಅವರು ಕೂಡಲೇ ಒಪ್ಪಿಕೊಂಡರು. ಸಂಯೋಜಕರೊಬ್ಬರು ಚಿತ್ರದ ಅತಿ ಮುಖ್ಯ ಕ್ಷಣವನ್ನು ತಮ್ಮದಲ್ಲದ ರಚನೆಗೆ ಬಿಟ್ಟುಕೊಟ್ಟರು ಎಂಬುದನ್ನು ನಿಮ್ಮ ಪಟ್ಟಿಯಲ್ಲಿ ಅಡಿಗೆರೆ ಹಾಕಿ ಬರೆಯಬೇಕು. ಸಹಯೋಗದ ಮೊದಲ ಪುರಾವೆ ನನಗೆ ಕಾಣುವುದು ಅಲ್ಲಿ.

ಪಟ್ಟಿ ಮುಗಿದ ಮೇಲೆ ಅದನ್ನು ತಲೆಕೆಳಗು ಮಾಡಿ ಓದಿ: ಸಂಗೀತವಿಲ್ಲದ ದೀರ್ಘ ಅವಧಿಗಳು ಎಲ್ಲಿವೆ? ‘ಸೆವೆನ್ ಸಮುರಾಯ್’ನಲ್ಲಿ ಸಮುರಾಯ್‌ಗಳಿಗೆ ಹಿತ್ತಾಳೆ ವಾದ್ಯಗಳ ಒಂದು ಧುನ್ ಇದೆ, ರೈತರ ದೈನ್ಯಕ್ಕೆ ಗಂಡಸರ ಕೆಳಸ್ಥಾಯಿಯ ಗುಂಜನವಿದೆ. ಇಷ್ಟು ಸಿದ್ಧತೆ ಮಾಡಿಕೊಂಡಮೇಲೂ ಮಳೆಯಲ್ಲಿ ನಡೆಯುವ ಕೊನೆಯ ಕಾಳಗದಲ್ಲಿ ಹಿನ್ನೆಲೆ ಸಂಗೀತವಿಲ್ಲ. ಮಳೆ, ಕುದುರೆಗಳ ಗೊರಸು, ಕೆಸರು, ಕಿರುಚಾಟ ಮಾತ್ರ. ಕಾಳಗ ಮುಗಿದು ನಾಟಿಯ ದಿನ ಬಂದಾಗ ಹಾಡು ಕೇಳಿಸುತ್ತದೆ. ಅದನ್ನು ಹಾಡುವವರು ರೈತರೇ, ಗದ್ದೆಯಲ್ಲಿ ನಿಂತು, ಕೊಳಲು ಮತ್ತು ಮದ್ದಳೆಯೊಂದಿಗೆ. ಗೆದ್ದವರು ಯಾರೆಂಬ ಪ್ರಶ್ನೆಗೆ ಚಿತ್ರ ಮಾತಿನಲ್ಲಿ ಉತ್ತರ ಕೊಡುವ ಮುನ್ನವೇ ಸಂಗೀತ ಯಾರ ಬಾಯಿಗೆ ಹೋಯಿತು ಎಂಬುದು ಉತ್ತರವನ್ನು ಕೊಟ್ಟಿರುತ್ತದೆ.

ಇದೇ ಪಟ್ಟಿಯನ್ನು ಯಸುಜಿರೊ ಓಜು ಅವರ 1953ರ ‘ಟೋಕಿಯೊ ಸ್ಟೋರಿ’ಗೆ ಮಾಡಿದರೆ ಫಲಿತಾಂಶ ತೀರ ಬೇರೆ. ಸಂಯೋಜಕ ತಕಾನೊಬು ಸೈತೊ ಅವರ ಸಂಗೀತ ಹೆಚ್ಚಾಗಿ ಒಂದು ದೃಶ್ಯ ಮುಗಿದು ಇನ್ನೊಂದು ತೊಡಗುವ ಸಂಧಿಗಳಲ್ಲಿ ಕೇಳಿಸುತ್ತದೆ. ಪಾತ್ರಗಳು ಎಷ್ಟೇ ಸಂಕಟದಲ್ಲಿರಲಿ, ಸಂಗೀತ ಮಾತ್ರ ಒಳ್ಳೆಯ ಬಿಸಿಲಿನ ದಿನದಂತೆ ನಿರಾಳವಾಗಿರಬೇಕು ಎಂಬುದು ಓಜು ಅವರ ಬೇಡಿಕೆಯಾಗಿತ್ತು. ಇದನ್ನು ಕೇವಲ ಹಟವೆಂದು ತಳ್ಳಿಹಾಕುವ ಮೊದಲು, ಅದೇ ಚಿತ್ರದಲ್ಲಿ ಪಾತ್ರಗಳನ್ನು ನೋಯಿಸುವ ಸದ್ದುಗಳು ಯಾವುವು ಎಂದು ಗಮನಿಸಿ. ಅತಾಮಿ ಎಂಬ ಕಡಲತೀರದ ವಿಹಾರಸ್ಥಳದ ವಸತಿಗೃಹದಲ್ಲಿ ಮುದಿ ದಂಪತಿಗೆ ನಿದ್ದೆಗೊಡದಿರುವುದು ಇತರ ಅತಿಥಿಗಳ ಜೂಜು ಮತ್ತು ಬೀದಿಯ ಹಾಡುಗಾರರ ಗದ್ದಲ. ತಾಯಿಯ ಅಂತ್ಯಕ್ರಿಯೆಯ ವೇಳೆ ಮಗ ದೇವಾಲಯದಿಂದ ಎದ್ದು ಹೊರಬರುವುದು ಅಲ್ಲಿ ಬಾರಿಸುತ್ತಿರುವ ಮರದ ವಾದ್ಯದ ಸದ್ದನ್ನು ತಾಳಲಾರದೆ. ನೋವನ್ನು ಸದ್ದಿಗೂ ನಿರಾಳತೆಯನ್ನು ಸಂಗೀತಕ್ಕೂ ಹಂಚಿಕೊಟ್ಟ ಈ ವ್ಯವಸ್ಥೆ ಸೈತೊ ಅವರ ವಿನಯವಿಲ್ಲದೆ ಸಾಧ್ಯವಾಗುತ್ತಿರಲಿಲ್ಲ.

ಸದ್ದು ಯಾವುದು, ಸಂಗೀತ ಯಾವುದು

ಕೆಲವು ಚಿತ್ರಗಳಲ್ಲಿ ನಿಮ್ಮ ಪಟ್ಟಿ ಅರ್ಧದಲ್ಲೇ ಕೈಕೊಡುತ್ತದೆ. ಕೇಳುತ್ತಿರುವುದು ವಾದ್ಯವೋ, ಗಾಳಿಯೋ, ಮರ ಸೀಳುವ ಸದ್ದೋ ಎಂದು ಹೇಳಲಾಗುವುದಿಲ್ಲ. ಹೀಗಾದರೆ ನೀವು ಬಹುಶಃ ತೋರು ತಕೆಮಿತ್ಸು ಅವರ ಕೈಗೆ ಸಿಕ್ಕಿದ್ದೀರಿ. 1930ರಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡ ತಕೆಮಿತ್ಸು ಸುಮಾರು ನೂರು ಚಿತ್ರಗಳಿಗೆ ಸಂಗೀತ ನೀಡಿದರು. ಸಂಗೀತ ಸಭೆಗಳಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿದಮೇಲೂ ಅವರು ಸಿನಿಮಾವನ್ನು ಬಿಡಲಿಲ್ಲ.

ಅವರನ್ನು ಅಭ್ಯಾಸ ಮಾಡಲು ಮಸಾಕಿ ಕೊಬಯಾಶಿ ಅವರ ‘ಕ್ವಾಯ್ದಾನ್’ನ ಮೊದಲ ಕಥೆಯೊಂದನ್ನೇ ತೆಗೆದುಕೊಳ್ಳಿ. ಬಡತನಕ್ಕೆ ಹೆದರಿ ಹೆಂಡತಿಯನ್ನು ತೊರೆದು ಹೋಗಿದ್ದ ಸಮುರಾಯ್ ಒಬ್ಬನು ವರ್ಷಗಳ ಬಳಿಕ ಮನೆಗೆ ಮರಳುತ್ತಾನೆ. ಅವಳು ಮೊದಲಿನಂತೆಯೇ ಇದ್ದಾಳೆ. ಬೆಳಗಾಗಿ ಕಣ್ಣುಬಿಟ್ಟಾಗ ಪಕ್ಕದಲ್ಲಿರುವುದು ಒಣಗಿದ ಹೆಣ ಮತ್ತು ಕಪ್ಪು ಕೂದಲು. ಅವನು ಕೊಳೆತ ಮನೆಯಲ್ಲಿ ದಿಕ್ಕೆಟ್ಟು ಓಡುತ್ತಾನೆ, ನೆಲದ ಹಲಗೆಗಳು ಕುಸಿಯುತ್ತವೆ. ಈ ಭಾಗವನ್ನು ಮೊದಲು ಎಂದಿನಂತೆ, ಬಳಿಕ ಧ್ವನಿಯಿಲ್ಲದೆ, ಕೊನೆಗೆ ಕಣ್ಣು ಮುಚ್ಚಿ ಬರಿಯ ಧ್ವನಿಯನ್ನು ಕೇಳಿ. ಕಣ್ಣು ಮುಚ್ಚಿದಾಗ ಮರ ಬಿರಿಯುವ, ಸೀಳುವ ಸದ್ದುಗಳು ತಾಳಕ್ಕೆ ಸಿಗದೆ ಒಂದೊಂದಾಗಿ ಕೇಳಿಸುತ್ತವೆ. ಕಣ್ಣು ತೆರೆದಾಗ ಆ ಸದ್ದುಗಳು ಪರದೆಯ ಮೇಲೆ ಮುರಿಯುತ್ತಿರುವ ಹಲಗೆಗಳ ಜೊತೆ ಹೊಂದುತ್ತಿಲ್ಲವೆಂದು ಗೊತ್ತಾಗುತ್ತದೆ. ಕಾಲು ಹಲಗೆಯನ್ನು ತೂರಿದಾಗ ಸದ್ದಿಲ್ಲ. ಸದ್ದು ಬಂದಾಗ ಪರದೆಯ ಮೇಲೆ ಬೇರೇನೋ ಇದೆ. ಆ ಮನುಷ್ಯನ ಪ್ರಜ್ಞೆ ಅವನ ದೇಹದಿಂದ ಕಳಚಿಕೊಂಡಿದೆ ಎಂಬುದನ್ನು ಯಾವ ಪಿಟೀಲಿನ ಗೋಳಾಟವೂ ಇಷ್ಟು ನಿಖರವಾಗಿ ಹೇಳಲಾರದು.

ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳವಾದದ್ದು: ಇಂಥ ಸಂಗೀತ ಬರಬೇಕಾದರೆ ನಿರ್ದೇಶಕರು ಏನನ್ನು ಬಿಟ್ಟುಕೊಟ್ಟಿರಬೇಕು? ಹೆಜ್ಜೆಯ ಸಪ್ಪಳ, ಬಟ್ಟೆಯ ಸರಸರ, ಬಾಗಿಲಿನ ಕಿರುಗುಟ್ಟುವಿಕೆ, ಇವೆಲ್ಲವನ್ನೂ ಅಳಿಸಿ ಧ್ವನಿಪಥವನ್ನು ಖಾಲಿಯಾಗಿ ಸಂಯೋಜಕರ ಕೈಗೆ ಒಪ್ಪಿಸಬೇಕು. ಧ್ವನಿ ವಿನ್ಯಾಸ ಮತ್ತು ಸಂಗೀತ ಬೇರೆ ಬೇರೆ ವಿಭಾಗಗಳಾಗಿ, ಬೇರೆ ಬೇರೆ ಜನರ ಕೈಯಲ್ಲಿದ್ದರೆ ಇದು ಆಗದ ಮಾತು. ಕೊಬಯಾಶಿ ಅವರಿಗೆ ಆ ಧೈರ್ಯ ಬರಲು 1962ರ ‘ಹರಾಕಿರಿ’ಯ ಅನುಭವವೂ ಇತ್ತು. ಅದರಲ್ಲಿ ತಕೆಮಿತ್ಸು ಬಿವಾ ಎಂಬ ತಂತಿವಾದ್ಯದ ಒರಟು ಮೀಟುಗಳನ್ನು ವಿರಳವಾಗಿ, ಕತ್ತಿಯ ಮೊನೆಯಂತೆ ಬಳಸಿದ್ದರು.

ಹಿರೋಶಿ ತೆಶಿಗಹರಾ ಅವರೊಂದಿಗಿನ ಕೆಲಸ ಇನ್ನೊಂದು ಬಗೆ. 1964ರ ‘ವುಮನ್ ಇನ್ ದಿ ಡ್ಯೂನ್ಸ್’ನಲ್ಲಿ ಜಾರುವ ತಂತಿವಾದ್ಯಗಳ ಸ್ವರ ಮರಳಿನ ಜಾರುವಿಕೆಯೊಡನೆ ಬೆರೆತು ಹೋಗುತ್ತದೆ. ಎರಡು ವರ್ಷಗಳ ಬಳಿಕ ಬಂದ ‘ದಿ ಫೇಸ್ ಆಫ್ ಅನದರ್’ನಲ್ಲಿ ಅದೇ ಜೋಡಿ ಯುರೋಪಿನ ಶೈಲಿಯ ಒಂದು ವಾಲ್ಟ್ಸ್ ಅನ್ನು ಮುಂದಿಡುತ್ತದೆ. ತಕೆಮಿತ್ಸು ಎಂದರೆ ಸದಾ ಬಿವಾ ಮತ್ತು ಮೌನ ಎಂದುಕೊಂಡವರು ಈ ಎರಡನ್ನೂ ಒಂದೇ ವಾರದಲ್ಲಿ ನೋಡುವುದು ಒಳ್ಳೆಯದು.

ಸದ್ದು–ಸಂಗೀತದ ಗಡಿ ಅಳಿಸಿದವರು ಕಲಾತ್ಮಕ ಚಿತ್ರಗಳವರು ಮಾತ್ರ ಎಂದೇನೂ ಇಲ್ಲ. ಇಶಿರೊ ಹೋಂಡಾ ಅವರ 1954ರ ‘ಗಾಡ್ಜಿಲ್ಲಾ’ದ ಪ್ರಸಿದ್ಧ ಘರ್ಜನೆ ಸಂಯೋಜಕ ಅಕಿರಾ ಇಫುಕುಬೆ ಅವರ ಸಲಹೆಯಿಂದ ಹುಟ್ಟಿತು: ರಾಳ ಬಳಿದ ಚರ್ಮದ ಕೈಗವಸಿನಿಂದ ಡಬಲ್ ಬಾಸ್ ವಾದ್ಯದ ಸಡಿಲಿಸಿದ ತಂತಿಯನ್ನು ಉಜ್ಜಿ ಧ್ವನಿಮುದ್ರಿಸಿ, ಅದರ ವೇಗವನ್ನು ಬದಲಿಸಲಾಯಿತು. ಮೃಗದ ಕೂಗೂ ಅದರ ಹಿಂದಿನ ವಾದ್ಯವೃಂದವೂ ಒಬ್ಬರೇ ಸಂಯೋಜಕರ ಕಲ್ಪನೆಯಿಂದ ಬಂದಿರುವುದರಿಂದ ಎರಡೂ ಒಂದೇ ಕೆಳಸ್ಥಾಯಿಯಲ್ಲಿ ನಡೆಯುತ್ತವೆ. ಅದೇ ಚಿತ್ರದಲ್ಲಿ ಶಾಲಾ ಬಾಲಕಿಯರು ಹಾಡುವ ಶಾಂತಿಪ್ರಾರ್ಥನೆಯನ್ನು ಟೆಲಿವಿಷನ್‌ನಲ್ಲಿ ಕೇಳಿದ ಮೇಲೆಯೇ ವಿಜ್ಞಾನಿ ತನ್ನ ಅಸ್ತ್ರವನ್ನು ಬಳಸಲು ಒಪ್ಪುತ್ತಾನೆ. ಆ ಹಾಡನ್ನು ತೆಗೆದರೆ ಕಥೆ ಅಲ್ಲೇ ನಿಂತುಹೋಗುತ್ತದೆ.

ಸಂಯೋಜಕರು ಯಾವ ಹಂತದಲ್ಲಿ ಬಂದರು

ಚಿತ್ರ ನೋಡಿ ಮುಗಿಸಿದ ಮೇಲೆ, ಸಂಯೋಜಕರು ಕೆಲಸಕ್ಕೆ ಸೇರಿದ್ದು ಚಿತ್ರಕಥೆಯ ಹಂತದಲ್ಲೋ, ಚಿತ್ರೀಕರಣದ ವೇಳೆಯೋ, ಸಂಕಲನ ಮುಗಿದ ಮೇಲೋ ಎಂಬುದನ್ನು ಸಂದರ್ಶನಗಳಿಂದ ಹುಡುಕಿ ತೆಗೆಯಿರಿ. ಕೇಳಿದ್ದಕ್ಕೆಲ್ಲ ಅರ್ಧ ವಿವರಣೆ ಇದರಲ್ಲೇ ಸಿಗುತ್ತದೆ.

ನಿರ್ದೇಶಕ ಹಯಾವೊ ಮಿಯಾಜಾಕಿ ಮತ್ತು ಸಂಯೋಜಕ ಜೋ ಹಿಸೈಶಿ ಅವರ ಪದ್ಧತಿ ಇದಕ್ಕೆ ಅತ್ಯಂತ ಪರಿಚಿತ ಉದಾಹರಣೆ. 1984ರ ‘ನೌಸಿಕಾ’ ಚಿತ್ರ ಪೂರ್ಣಗೊಳ್ಳುವ ಮೊದಲೇ ಕಥಾವಸ್ತುವನ್ನು ಆಧರಿಸಿ ಹಿಸೈಶಿ ಒಂದು ‘ಇಮೇಜ್ ಆಲ್ಬಮ್’ ರಚಿಸಿದರು. ಚಿತ್ರದ ನಿರ್ಮಾಪಕರಾಗಿದ್ದ ಇಸಾವೊ ತಕಾಹತಾ ಅದನ್ನು ಮೆಚ್ಚಿದ್ದರಿಂದ ಚಿತ್ರದ ಸಂಗೀತವೂ ಅವರ ಪಾಲಿಗೆ ಬಂತು. ಮುಂದೆ ಇದೇ ಕ್ರಮವಾಯಿತು: ಮೊದಲು ಕಲ್ಪನೆಗಳ ಆಲ್ಬಮ್, ಬಳಿಕ ಚಿತ್ರದ ಅಳತೆಗೆ ತಕ್ಕ ಸಂಗೀತ. ಈ ಆಲ್ಬಮ್‌ಗಳು ಇಂದೂ ಕೇಳಲು ಸಿಗುವುದರಿಂದ ಅಭ್ಯಾಸಿಗಳಿಗೆ ಅಪರೂಪದ ಸೌಲಭ್ಯವಿದೆ. ಒಂದು ಧುನ್‌ನ ಮೊದಲ ರೂಪವನ್ನೂ ಪರದೆಯ ರೂಪವನ್ನೂ ಅಕ್ಕಪಕ್ಕ ಇಟ್ಟು ಏನು ಉಳಿಯಿತು, ಏನು ಕಳಚಿತು, ಯಾವುದು ಪಾತ್ರ ಬದಲಿಸಿತು ಎಂದು ನೋಡಬಹುದು. 2004ರ ‘ಹೌಲ್ಸ್ ಮೂವಿಂಗ್ ಕ್ಯಾಸಲ್’ನಲ್ಲಿ ಒಂದೇ ವಾಲ್ಟ್ಸ್ ಧುನ್ ಚಿತ್ರದುದ್ದಕ್ಕೂ ರೂಪ ಬದಲಿಸುತ್ತ ಬರಲಿ ಎಂದು ಕೇಳಿದವರು ಮಿಯಾಜಾಕಿ. ವಯಸ್ಸು ಏರಿಳಿಯುವ ನಾಯಕಿಯ ಕಥೆಗೆ ಆ ಬೇಡಿಕೆ ಎಷ್ಟು ಸರಿಹೊಂದುತ್ತದೆ ಎಂದು ಪ್ರತ್ಯೇಕವಾಗಿ ಹೇಳಬೇಕಿಲ್ಲ.

ಇದಕ್ಕೂ ಮುಂದೆ ಹೋದವರು ನಿರ್ದೇಶಕ ರ್ಯೂಸುಕೆ ಹಮಗುಚಿ ಮತ್ತು ಸಂಯೋಜಕಿ ಏಕೊ ಇಶಿಬಾಶಿ. 2021ರ ‘ಡ್ರೈವ್ ಮೈ ಕಾರ್’ ಬಳಿಕ ಇಶಿಬಾಶಿ ತಮ್ಮ ನೇರ ವಾದನಕ್ಕೆ ಜೊತೆಯಾಗುವ ದೃಶ್ಯಗಳನ್ನು ಹಮಗುಚಿ ಅವರಿಂದ ಬಯಸಿದರು. ಆ ಬೇಡಿಕೆಯಿಂದ ‘ಗಿಫ್ಟ್’ ಎಂಬ ಮಾತಿಲ್ಲದ ಚಿತ್ರವೂ, 2023ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರಶಸ್ತಿ ಪಡೆದ ‘ಈವಿಲ್ ಡಸ್ ನಾಟ್ ಎಕ್ಸಿಸ್ಟ್’ ಎಂಬ ಕಥಾಚಿತ್ರವೂ ಹುಟ್ಟಿದವು. ಸಂಗೀತಕ್ಕಾಗಿ ಚಿತ್ರ ಹುಟ್ಟಿದ್ದರೂ, ಅದರ ಆರಂಭದಲ್ಲಿ ಮರಗಳ ನೆತ್ತಿಯ ಕೆಳಗೆ ಸಾಗುವ ಕ್ಯಾಮೆರಾದೊಡನೆ ತುಂಬಿ ಬರುವ ಸಂಗೀತವನ್ನು ಹಮಗುಚಿ ಕತ್ತರಿಸಿದಂತೆ ಥಟ್ಟನೆ ನಿಲ್ಲಿಸುತ್ತಾರೆ. ನಿಮ್ಮ ಪಟ್ಟಿಯ ನಾಲ್ಕನೆಯ ಕಾಲಮು, ಅಂದರೆ ಸಂಗೀತ ಹೇಗೆ ಮುಗಿಯಿತು ಎಂಬುದು, ಈ ಚಿತ್ರದಲ್ಲಿ ಉಳಿದ ಮೂರಕ್ಕಿಂತ ಮುಖ್ಯವಾಗುತ್ತದೆ.

ನಾಗಿಸಾ ಓಶಿಮಾ ಅವರ 1983ರ ‘ಮೆರಿ ಕ್ರಿಸ್‌ಮಸ್ ಮಿಸ್ಟರ್ ಲಾರೆನ್ಸ್’ಗೆ ಸಂಗೀತಗಾರ ರ್ಯೂಯಿಚಿ ಸಕಾಮೊತೊ ಬಂದದ್ದು ನಟರಾಗಿ. ಸಂಗೀತವನ್ನೂ ತಮಗೇ ಕೊಟ್ಟರೆ ನಟಿಸುತ್ತೇನೆಂದು ಅವರು ಷರತ್ತು ಹಾಕಿದರು, ಓಶಿಮಾ ಒಪ್ಪಿದರು.

ಜಗಳಗಳನ್ನು ಓದುವುದು

ಹೊಂದಾಣಿಕೆಯ ಬಗ್ಗೆ ಕಲಾವಿದರು ಹೇಳುವ ಮಾತುಗಳು ಹೆಚ್ಚಾಗಿ ಸೌಜನ್ಯದ ಮಾತುಗಳು. ಭಿನ್ನಾಭಿಪ್ರಾಯ ಬಂದಾಗ ಮಾತ್ರ ಇಬ್ಬರೂ ತಮ್ಮ ಕಾರಣಗಳನ್ನು ಬಾಯಿಬಿಟ್ಟು ಹೇಳುತ್ತಾರೆ. ಆದ್ದರಿಂದ ಒಂದು ಜೋಡಿಯ ಬಗ್ಗೆ ಓದುವಾಗ ಜಗಳವನ್ನು ಹುಡುಕಿಕೊಂಡು ಹೋಗುವುದರಲ್ಲಿ ತಪ್ಪೇನಿಲ್ಲ.

1947ರ ‘ಸ್ನೋ ಟ್ರೇಲ್’ ಇಫುಕುಬೆ ಅವರ ಮೊದಲ ಚಿತ್ರ, ಮಿಫುನೆ ಅವರಿಗೂ ಮೊದಲನೆಯದು. ಹಿಮದಲ್ಲಿ ಸ್ಕೀ ಮಾಡುವ ಸಂತೋಷದ ದೃಶ್ಯವೊಂದಕ್ಕೆ ನಿರ್ದೇಶಕ ಸೆಂಕಿಚಿ ತಾನಿಗುಚಿ ಲವಲವಿಕೆಯ ಸಂಗೀತವನ್ನು ನಿರೀಕ್ಷಿಸಿದ್ದರು. ಇಫುಕುಬೆ ಬರೆದು ತಂದದ್ದು ಇಂಗ್ಲಿಷ್ ಹಾರ್ನ್ ಎಂಬ ಊದುವ ವಾದ್ಯವೊಂದನ್ನೇ ನುಡಿಸುವ ಶಾಂತವಾದ, ತುಸು ಒಂಟಿತನದ ಧುನ್. ಪೊಲೀಸರಿಂದ ತಪ್ಪಿಸಿಕೊಂಡು ಬಂದ ಅಪರಾಧಿಗೆ ಸಿಕ್ಕಿದ ಆ ಗಳಿಗೆಯ ಹಿಂದೆ ಏನಿದೆ ಎಂಬುದನ್ನು ಅವರು ಕೇಳಿಸಹೊರಟಿದ್ದರು. ಧ್ವನಿಮುದ್ರಣದ ಹೊತ್ತಿನಲ್ಲೇ ವಾಗ್ವಾದ ನಡೆಯಿತು. ಚಿತ್ರಕಥೆ ಬರೆದಿದ್ದ ಕುರೊಸಾವಾ ಮಧ್ಯೆ ಬಂದು ಇಫುಕುಬೆ ಅವರ ಪರ ನಿಂತ ಮೇಲೆ ಆ ಧುನ್ ಉಳಿಯಿತು. ತಾನಿಗುಚಿ ಮುಂದೆಯೂ ಇಫುಕುಬೆ ಅವರೊಡನೆ ಕೆಲಸ ಮಾಡಿದರು ಎಂಬುದೂ ಈ ಜಗಳದ ಭಾಗವೇ.

ಅಂದು ಸಂಯೋಜಕರ ಪರ ನಿಂತ ಕುರೊಸಾವಾ ಅವರೇ ಮುಂದೆ ಸಂಯೋಜಕರಿಗೆ ಕಠಿಣ ಯಜಮಾನರಾದರು. ‘ರಾಶೊಮನ್’ನಲ್ಲಿ ಹೆಂಗಸಿನ ಸಾಕ್ಷ್ಯದ ಭಾಗಕ್ಕೆ ಬೊಲೆರೊ ಎಂಬ ಸ್ಪೇನ್ ಮೂಲದ ನೃತ್ಯದ ಲಯ ಬೇಕೆಂದು ಹಯಸಾಕಾ ಅವರನ್ನು ಕೇಳಿದ್ದು ಅವರ ಈ ಅಭ್ಯಾಸದ ಮುನ್ಸೂಚನೆ. ಮನಸ್ಸಿನಲ್ಲಿ ಮೊದಲೇ ಕೂತ ಪಾಶ್ಚಾತ್ಯ ರಚನೆಯೊಂದನ್ನು ಮಾದರಿಯಾಗಿ ಕೊಟ್ಟು, ಅದರಂತೆಯೇ ಬೇಕೆನ್ನುವುದು ಕ್ರಮೇಣ ಹೆಚ್ಚಿತು. 1980ರ ‘ಕಗೆಮುಶಾ’ದ ವೇಳೆ ಮಸಾರು ಸಾತೊ ಇದೇ ಕಾರಣಕ್ಕೆ ಹೊರನಡೆದು, ಆ ಸ್ಥಾನಕ್ಕೆ ಶಿನಿಚಿರೊ ಇಕೆಬೆ ಬಂದರು. 1985ರ ‘ರಾನ್’ಗೆ ಆಸ್ಟ್ರಿಯದ ಸಂಯೋಜಕ ಮಾಲರ್ ಅವರ ಸಂಗೀತದ ಮಾದರಿ ಮುಂದಿತ್ತು. ತಕೆಮಿತ್ಸು ಅವರೊಡನೆ ತಿಕ್ಕಾಟ ತೀವ್ರವಾಗಿ, ಆ ಚಿತ್ರದ ನಂತರ ಇಬ್ಬರೂ ಒಟ್ಟಿಗೆ ಕೆಲಸ ಮಾಡಲಿಲ್ಲ.

ಆದರೂ ‘ರಾನ್’ನ ಮೂರನೆಯ ಕೋಟೆಯ ದಾಳಿಯನ್ನು ನೋಡಿ. ಬಾಣಗಳು, ಬೆಂಕಿ, ರಕ್ತ ಎಲ್ಲವೂ ಪರದೆಯ ಮೇಲಿವೆ. ಒಂದರ ಸದ್ದೂ ಇಲ್ಲ. ಕೇಳಿಸುವುದು ವಾದ್ಯವೃಂದ ಮಾತ್ರ, ಅದೂ ಹಲವು ನಿಮಿಷ, ಅವಸರವಿಲ್ಲದೆ. ಬಳಿಕ ಒಂದು ಗುಂಡಿನ ಸದ್ದು ಹಾರಿ, ಮುದಿ ದೊರೆಯ ಹಿರಿಯ ಮಗ ಕುದುರೆಯಿಂದ ಉರುಳುತ್ತಾನೆ. ಸಂಗೀತ ನಿಂತು, ಯುದ್ಧದ ಗದ್ದಲವೆಲ್ಲ ಒಮ್ಮೆಗೇ ನುಗ್ಗುತ್ತದೆ. ನಿಜವಾದ ಸದ್ದುಗಳು ಇಲ್ಲಿ ಇರಕೂಡದೆಂದು ಕುರೊಸಾವಾ ಚಿತ್ರಕಥೆಯಲ್ಲೇ ಬರೆದಿದ್ದರು. ಆ ಖಾಲಿ ಜಾಗವನ್ನು ಹೇಗೆ ತುಂಬಬೇಕೆಂದು ತಕೆಮಿತ್ಸು ಅವರಿಗೆ ಕನಿಷ್ಠ ‘ಕ್ವಾಯ್ದಾನ್’ ಕಾಲದಿಂದ ಗೊತ್ತಿತ್ತು. ಮುನಿಸಿಕೊಂಡ ಇಬ್ಬರು ಸೇರಿ ಮಾಡಿದ ಈ ದೃಶ್ಯ, ಸ್ನೇಹದಿಂದ ಮಾಡಿದ ಎಷ್ಟೋ ಚಿತ್ರಗಳಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ.

ಅಡ್ಡ ಹೋಲಿಕೆ

ಒಂದು ಜೋಡಿ ಪರಿಚಿತವಾದ ಮೇಲೆ ಅದನ್ನು ಬಿಡಿಸಿ ನೋಡಬೇಕು. ಹಿಸೈಶಿ ಅವರು ಮಿಯಾಜಾಕಿ ಅವರಿಗೂ ತಕೇಶಿ ಕಿತಾನೊ ಅವರಿಗೂ ಒಂದೇ ಕಾಲದಲ್ಲಿ ಕೆಲಸ ಮಾಡಿದ್ದಾರೆ. 1997ರ ‘ಹನಾ-ಬಿ’ ಮತ್ತು ಅದೇ ವರ್ಷದ ‘ಪ್ರಿನ್ಸೆಸ್ ಮೊನೊನೊಕೆ’ಯನ್ನು ಜೊತೆಯಾಗಿ ನೋಡಿ: ಸ್ವರಗಳ ಮೇಲಿನ ಒಲವು ಒಂದೇ, ಪ್ರವೇಶದ ಸ್ಥಳಗಳು ಮಾತ್ರ ಬೇರೆ. ಎರಡು ಪಟ್ಟಿಗಳ ನಡುವಿನ ಈ ವ್ಯತ್ಯಾಸವನ್ನು ನಿರ್ದೇಶಕರ ಲೆಕ್ಕಕ್ಕೆ, ಸಾಮ್ಯವನ್ನು ಸಂಯೋಜಕರ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಇದಕ್ಕೆ ತಿರುಗುಮುರುಗಾಗಿ, ಕಿತಾನೊ ಅವರ 2003ರ ‘ಜಾತೊಯಿಚಿ’ಗೆ ಸಂಗೀತ ಕೇಯಿಚಿ ಸುಜುಕಿ ಅವರದು. ಗದ್ದೆಯಲ್ಲಿ ಅಗೆಯುವವರ ಗುದ್ದಲಿಗಳೇ ಅಲ್ಲಿ ತಾಳ ಹಾಕುತ್ತವೆ. ಸಂಯೋಜಕರು ಬದಲಾದಾಗ ನಿರ್ದೇಶಕರ ಸಂಕಲನದ ಲಯವೂ ಬದಲಾಯಿತೇ ಎಂದು ಕೇಳಿ ನೋಡಿ.

ಸ್ವಂತ ಚಿತ್ರಕ್ಕೆ

ಕಿರುಚಿತ್ರ ಮಾಡುವವರು ಇಷ್ಟನ್ನು ಅನುಸರಿಸಬಹುದು. ಚಿತ್ರಕಥೆಯ ಎರಡನೆಯ ಕರಡನ್ನೇ ಸಂಯೋಜಕರಿಗೆ ಕೊಡಿ. ಧುನ್ ಕೇಳುವ ಮೊದಲು, ಸಂಗೀತ ಬೇಡವೇ ಬೇಡ ಎನಿಸುವ ದೃಶ್ಯಗಳ ಪಟ್ಟಿಯನ್ನು ಇಬ್ಬರೂ ಬೇರೆ ಬೇರೆಯಾಗಿ ಮಾಡಿ ಹೋಲಿಸಿಕೊಳ್ಳಿ; ಹೊಂದದ ಕಡೆಗಳಲ್ಲಿ ಚರ್ಚೆ ಆರಂಭವಾಗಲಿ. ಸಂಕಲನದ ಮೇಜಿನಲ್ಲಿ ಬೇರೆ ಚಿತ್ರದ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿ ನೋಡುವ ಅಭ್ಯಾಸವನ್ನು ಆದಷ್ಟು ದೂರವಿಡಿ, ಏಕೆಂದರೆ ವಾರ ಕಳೆಯುವಷ್ಟರಲ್ಲಿ ಕಿವಿ ಅದಕ್ಕೇ ಒಗ್ಗಿಕೊಂಡು ಬೇರೆ ಯಾವುದನ್ನೂ ಒಪ್ಪದಾಗುತ್ತದೆ. ‘ಕಗೆಮುಶಾ’ ಮತ್ತು ‘ರಾನ್’ನ ತಕರಾರುಗಳ ಬೇರು ಇಂಥ ಮಾದರಿಗಳಲ್ಲೇ ಇತ್ತು. ಧ್ವನಿ ವಿನ್ಯಾಸ ಮಾಡುವವರನ್ನೂ ಮೊದಲ ಸಭೆಗೇ ಕರೆಯಿರಿ. ಸಂಗೀತವೆಲ್ಲ ಸಿದ್ಧವಾದ ಮೇಲೆ ಚಿತ್ರವನ್ನು ಒಮ್ಮೆ ಪೂರ್ತಿಯಾಗಿ ಸಂಗೀತವಿಲ್ಲದೆ, ಸಂಯೋಜಕರ ಪಕ್ಕದಲ್ಲಿ ಕೂತು ನೋಡಿ, ಇಬ್ಬರಿಗೂ ಕೊರತೆ ಕಂಡ ಕಡೆಗಳಲ್ಲಿ ಮಾತ್ರ ಅದನ್ನು ಮರಳಿ ಸೇರಿಸಿ.